ಬೆರಳಲ್ಲಿ 98, ಹೃದಯದಲ್ಲಿ ಎಷ್ಟು?

ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಬೈಪಾಸ್ ಆಪರೇಷನ್ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದೆ: ಕಣ್ಣಿಗೆ ಕಾಣದ ಒಂದು ಬೆಳಕನ್ನು ಹಾಯಿಸಿ, ದೇಹದೊಳಗಿನ ಸ್ನಾಯುವಿಗೆ ಆಕ್ಸಿಜನ್ ಸಿಗುತ್ತಿದೆಯಾ ಅಂತ ನೋಡಬಹುದು. ಆ ಒಂದು ಸಾಲಿಗೇ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಹಾಗಾಗಿ ಈ ಸಲ ಅದೊಂದೇ ವಿಷಯ. ಹೊಸದಾಗಿ ಓದುವವರಿಗೆ: ನಾನು ಕಲಬುರಗಿಯಲ್ಲಿ ಪರ್ಫ್ಯೂಷನಿಸ್ಟ್. ಎದೆ ತೆರೆದು ಹೃದಯದ ಆಪರೇಷನ್ ಮಾಡುವಾಗ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಹಾರ್ಟ್-ಲಂಗ್ ಮಷಿನ್ ನಡೆಸುವುದು ನನ್ನ ಕೆಲಸ. ಪತ್ರ ಬರೆದವರ ಹೆಸರು ಹಾಕುವುದಿಲ್ಲ, ಊರು ಮಾತ್ರ.

ಅಕ್ಕಾರ, ನಮ್ಮ ಅಪ್ಪನಿಗೆ ರಾತ್ರಿ ಎದೆ ಹಿಡಿದುಕೊಂಡಂಗಾಯಿತು. ಕೊರೊನಾ ಟೈಮಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿದೆವು, 98 ಇತ್ತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಇಸಿಜಿ ತೆಗೆದು ಹಾರ್ಟ್ ಅಟ್ಯಾಕ್ ಅಂದರು. ಈಗ ಹುಷಾರಿದ್ದಾರೆ. ಆದರೆ ಆ ಮಷಿನ್ ಸುಳ್ಳು ಹೇಳಿತಾ?
– ರೈತ, ಶಹಾಪುರ

ಇಲ್ಲ ತಮ್ಮಾ, ಮಷಿನ್ ಸುಳ್ಳು ಹೇಳಿಲ್ಲ. ನೀವು ಕೇಳಿದ್ದೇ ಬೇರೆ, ಅದು ಹೇಳಿದ್ದೇ ಬೇರೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದೇ ಒಂದು ವಿಷಯ ಹೇಳುತ್ತದೆ. ಶ್ವಾಸಕೋಶದಿಂದ ಹೊರಟ ಶುದ್ಧ ರಕ್ತದಲ್ಲಿ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹಿಡಿದುಕೊಂಡಿದೆ ಅನ್ನುವುದು. ನಿಮ್ಮ ಅಪ್ಪನ ಶ್ವಾಸಕೋಶ ಚೆನ್ನಾಗಿತ್ತು. ಅದಕ್ಕೇ 98 ಬಂತು. ಕೆಟ್ಟಿದ್ದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೋನರಿ ನಾಳ. ಅದು ಮುಚ್ಚಿಕೊಂಡಿದ್ದು ಬೆರಳಿಗೆ ಹೇಗೆ ಗೊತ್ತಾಗಬೇಕು?

ನೀವು ಕಾಲುವೆ ನೀರಿನವರು, ಹೀಗೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿಯುತ್ತಿರುತ್ತದೆ. ನಿಮ್ಮ ಹೊಲಕ್ಕೆ ಬರುವ ತೂಬಿನಲ್ಲಿ ಮಣ್ಣು ಕಟ್ಟಿಕೊಂಡಿರುತ್ತದೆ. ಕಾಲುವೆಯ ತಲೆಯಲ್ಲಿ ನಿಂತು ಅಳೆದವನು ನೀರು ಭರ್ತಿ ಇದೆ ಅಂತಲೇ ಹೇಳುತ್ತಾನೆ. ಅವನ ಮಾತೂ ನಿಜ, ನಿಮ್ಮ ಹತ್ತಿ ಒಣಗುತ್ತಿರುವುದೂ ನಿಜ. ಹೊಲದಲ್ಲೇ ನಿಂತು ನೋಡಿದರೆ ಮಾತ್ರ ವಿಷಯ ತಿಳಿಯುತ್ತದೆ. ನಾನು ಬರೆದ ಆ ಬೆಳಕು ಹೊಲದಲ್ಲಿ ನಿಂತು ನೋಡುವ ಕೆಲಸ ಮಾಡುತ್ತದೆ.

ಹೃದಯದ ಇನ್ನೊಂದು ಗುಣ ನೀವು ತಿಳಿದಿರಬೇಕು. ದೇಹದ ಬೇರೆ ಭಾಗಗಳು ಒಟ್ಟಾರೆ ತಮಗೆ ಬಂದ ರಕ್ತದಿಂದ ಸುಮಾರು ಕಾಲು ಭಾಗ ಆಕ್ಸಿಜನ್ ತೆಗೆದುಕೊಳ್ಳುತ್ತವೆ. ಮುಕ್ಕಾಲು ಹಾಗೇ ವಾಪಸ್ ಹೋಗುತ್ತದೆ. ಹೃದಯ ಹಾಗಲ್ಲ. ಸುಮ್ನೆ ಮಲಗಿದ್ದಾಗಲೂ ಅದು ನೂರಕ್ಕೆ 65ರಿಂದ 75ರಷ್ಟನ್ನು ಹೀರಿಕೊಂಡುಬಿಡುತ್ತದೆ. ಹೃದಯದ ಸ್ನಾಯುವಿನಿಂದ ವಾಪಸ್ ಬರುವ ರಕ್ತದಲ್ಲಿ ಉಳಿಯುವುದು 30 ಪರ್ಸೆಂಟ್ ಆಸುಪಾಸು. ಅಂದರೆ ಕೈಯಲ್ಲಿ ಉಳಿತಾಯ ಏನೂ ಇಲ್ಲ. ಇನ್ನೂ ಆಕ್ಸಿಜನ್ ಬೇಕು ಅಂದರೆ ಜಾಸ್ತಿ ರಕ್ತ ಬರಲೇಬೇಕು, ಬೇರೆ ದಾರಿಯಿಲ್ಲ. ಅದಕ್ಕೇ ನಾಳ ಪೂರ್ತಿ ಮುಚ್ಚಿದರೆ 20 ನಿಮಿಷ, ಅರ್ಧ ಗಂಟೆಯಿಂದಲೇ ಸ್ನಾಯು ಸಾಯಲು ಶುರುವಾಗುತ್ತದೆ.

ಎದೆ ಒತ್ತಿದಂತಾಗಿ, ಬೆವರು ಬಂದು, ಎಡಗೈಗೋ ದವಡೆಗೋ ನೋವು ಎಳೆದರೆ ಆಕ್ಸಿಮೀಟರ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೆಂದೇ ಇದೆ. ಅದರಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಶಹಾಪುರದಿಂದ ಕಲಬುರಗಿ ತಲುಪುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ಹೊತ್ತು ಕಾಯಬಾರದು ಅಂತಲೇ ಆ ಇಂಜೆಕ್ಷನ್ ತಾಲ್ಲೂಕಿಗೆ ಬಂದಿದೆ.

ಮೇಡಂ, ಬೆಳಕಿಗೂ ಆಕ್ಸಿಜನ್ನಿಗೂ ಏನು ಸಂಬಂಧ? ಆಕ್ಸಿಜನ್ನಿಗೆ ಬಣ್ಣವೇ ಇಲ್ಲ ಅಂತ ಓದಿದ್ದೇವೆ. ಇಲ್ಲದ ಬಣ್ಣವನ್ನು ಬೆಳಕು ಹೇಗೆ ನೋಡುತ್ತದೆ?
– ಪಿಯುಸಿ ಎರಡನೇ ವರ್ಷದ ವಿದ್ಯಾರ್ಥಿನಿ, ಯಾದಗಿರಿ

ತಂಗಿ, ಬಂದ ಪತ್ರಗಳಲ್ಲೆಲ್ಲ ನಿನ್ನ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಆಕ್ಸಿಜನ್ನಿಗೆ ಬಣ್ಣ ಇಲ್ಲ, ಸರಿ. ಆದರೆ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡಾಗ ಹಿಮೋಗ್ಲೋಬಿನ್ನಿನ ಬಣ್ಣ ಬದಲಾಗುತ್ತದೆ.

ಇದನ್ನು ನಾನು ದಿನಾ ನೋಡುತ್ತೇನೆ. ಮಷಿನ್ ಮುಂದೆ ಕೂತರೆ ಎದುರಿಗೆ ಎರಡು ಪೈಪು ಹಾಯ್ದಿರುತ್ತವೆ, ಒಳಗಿನ ರಕ್ತ ಕಾಣುವಂಥ ತಿಳಿ ಪ್ಲಾಸ್ಟಿಕ್ಕಿನವು. ಒಂದರಲ್ಲಿ ರೋಗಿಯ ದೇಹದಿಂದ ವಾಪಸ್ ಬರುವ ರಕ್ತ, ಕಪ್ಪುಗೆಂಪು. ಅದು ಆಕ್ಸಿಜನೇಟರ್ ಅನ್ನುವ ಡಬ್ಬಿಯೊಳಗೆ ಹೋಗುತ್ತದೆ. ಆ ಡಬ್ಬಿಯಲ್ಲಿ ಕೂದಲಿನಷ್ಟು ಸಣ್ಣ ಸಾವಿರಾರು ಟೊಳ್ಳು ಎಳೆಗಳಿವೆ. ಎಳೆಗಳ ಒಳಗೆ ಗಾಳಿ, ಹೊರಗೆ ರಕ್ತ. ಇನ್ನೊಂದು ಪೈಪಿನಲ್ಲಿ ಅದೇ ರಕ್ತ ಹೊರಗೆ ಬಂದಾಗ ಥಳಥಳ ಹೊಳೆಯುವ ಕೆಂಪು. ನಡುವೆ ಆಗಿದ್ದೆಲ್ಲ ಕೆಲವೇ ಸೆಕೆಂಡು. ಹೊಸದಾಗಿ ಕಲಿಯಲು ಬಂದ ಹುಡುಗರನ್ನು ನಾನು ಮೊದಲು ನಿಲ್ಲಿಸುವುದು ಈ ಎರಡು ಪೈಪಿನ ಮುಂದೆಯೇ. ಮೀಟರ್ ಏನು ಹೇಳುತ್ತದೆ ಅಂತ ನೋಡುವ ಮೊದಲು ಕಣ್ಣು ಇದನ್ನು ಕಲಿಯಬೇಕು.

ಬಣ್ಣ ಬದಲಾಯಿತು ಅಂದರೆ ಬೆಳಕನ್ನು ಹೀರುವ ರೀತಿ ಬದಲಾಯಿತು ಅಂತ ತಾನೇ? ಎಷ್ಟು ಬದಲಾಗುತ್ತದೆ ನೋಡು. 660 ನ್ಯಾನೊಮೀಟರಿನ (ಇದು ಬೆಳಕಿನ ಅಲೆಯ ಉದ್ದದ ಅಳತೆ) ಕೆಂಪು ಬೆಳಕನ್ನು ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ ಸುಮಾರು ಹತ್ತು ಪಟ್ಟು ಜಾಸ್ತಿ ಹೀರುತ್ತದೆ. 800ರ ಹತ್ತಿರ ಬಂದರೆ ಎರಡೂ ಒಂದೇ ಸಮ. ಅದನ್ನು ದಾಟಿ 850ಕ್ಕೆ ಹೋದರೆ ಲೆಕ್ಕ ತಿರುಗಿಬಿಡುತ್ತದೆ, ಈಗ ಆಕ್ಸಿಜನ್ ಇರುವುದೇ ಜಾಸ್ತಿ ಹೀರುತ್ತದೆ. 760ರ ಹತ್ತಿರ ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ನಿನದೇ ಒಂದು ಸಣ್ಣ ಗುಡ್ಡ ಗ್ರಾಫಿನಲ್ಲಿ ಕಾಣುತ್ತದೆ. ಹಾಗಾಗಿ 760ರದೊಂದು, 850ರದೊಂದು ಬೆಳಕು ಒಳಗೆ ಬಿಟ್ಟು, ಎರಡೂ ಎಷ್ಟೆಷ್ಟು ವಾಪಸ್ ಬಂದವು ಅಂತ ನೋಡಿದರೆ, ಆಕ್ಸಿಜನ್ ಇರುವುದು ಎಷ್ಟು ಪಾಲು, ಇಲ್ಲದ್ದು ಎಷ್ಟು ಪಾಲು ಅಂತ ಲೆಕ್ಕ ಹಾಕಬಹುದು. ನೀನು ಗಣಿತದಲ್ಲಿ ಬಿಡಿಸುವ ಎರಡು ಸಮೀಕರಣ, ಎರಡು ಅಜ್ಞಾತ. ಅಷ್ಟೇ.

ಈ ಬೆಳಕೇ ಯಾಕೆ ಬೇಕು? ಇವತ್ತು ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಬೆರಳು ಇಟ್ಟು ನೋಡು. ಬಿಳಿ ಬೆಳಕು ಹೋಗಿ ಕೆಂಪು ಮಾತ್ರ ಹೊರಗೆ ಬರುತ್ತದೆ. ನೀಲಿ, ಹಸಿರನ್ನು ಹಿಮೋಗ್ಲೋಬಿನ್ ನುಂಗಿಬಿಟ್ಟಿದೆ. ಕೆಂಪಿನಿಂದ ಇನ್ನೂ ಆಚೆ ಹೋದಷ್ಟೂ ಬೆಳಕು ಇನ್ನೂ ಒಳಗೆ ಹೋಗುತ್ತದೆ. 950 ದಾಟಿದ ಮೇಲೆ ನಮ್ಮ ದೇಹದಲ್ಲಿರುವ ನೀರೇ ಅದನ್ನು ಹೀರಲು ಶುರು ಮಾಡುತ್ತದೆ. 650ರಿಂದ 950ರ ನಡುವೆ ಮಾತ್ರ ದಾರಿ ತೆರೆದಿದೆ. ಅದರಲ್ಲಿ ಕಣ್ಣಿಗೆ ಕಾಣದ ಭಾಗವೇ ನಿಯರ್ ಇನ್‌ಫ್ರಾರೆಡ್. ಕೆಂಪಿನ ಆಚೆಯೂ ಬೆಳಕಿದೆ ಅಂತ ವಿಲಿಯಂ ಹರ್ಷೆಲ್ 1800ರಲ್ಲೇ ಒಂದು ಥರ್ಮಾಮೀಟರ್ ಇಟ್ಟು ಕಂಡುಹಿಡಿದಿದ್ದ. ಮನೆಯ ಟಿವಿ ರಿಮೋಟಿನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಬಟನ್ ಒತ್ತು, ಬಿಳಿಯೋ ನೇರಳೆಯೋ ಮಿಣುಕು ಕಾಣಬಹುದು. ಅದೂ ಇದೇ ಜಾತಿಯ ಬೆಳಕು. ಎಕ್ಸ್-ರೇ ಅಲ್ಲ, ಅಂಥ ಅಪಾಯ ಇದಕ್ಕಿಲ್ಲ.

ಒಂದು ತೊಡಕಿದೆ. ಸ್ನಾಯುವಿನೊಳಗೆ ಬೆಳಕು ನೆಟ್ಟಗೆ ಹೋಗುವುದಿಲ್ಲ. ಅಲ್ಲಲ್ಲಿ ಬಡಿದು, ದಿಕ್ಕು ತಪ್ಪಿ, ಸ್ವಲ್ಪ ಮಾತ್ರ ಪಕ್ಕದಲ್ಲಿ ಎಲ್ಲೋ ಮತ್ತೆ ಹೊರಗೆ ಬರುತ್ತದೆ. ಅದು ಒಳಗೆ ಎಷ್ಟು ದೂರ ನಡೆದು ಬಂತು ಅಂತ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಅದಕ್ಕೇ ಈ ಮೀಟರಿನಲ್ಲಿ 62 ಅಂತ ಬಂದರೆ ಆ 62ಕ್ಕಿಂತ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದನ್ನು ನಾವು ಜಾಸ್ತಿ ನಂಬುತ್ತೇವೆ.

ಬೆರಳಿನ ಆಕ್ಸಿಮೀಟರಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ಬೆರಳಿನದು ನಾಡಿ ಬಡಿದಾಗ ಏರಿಳಿಯುವ ಬೆಳಕನ್ನಷ್ಟೇ ಆರಿಸಿಕೊಳ್ಳುತ್ತದೆ. 1970ರ ದಶಕದಲ್ಲಿ ಜಪಾನಿನ ಟಕುವೊ ಅಯೊಯಾಗಿ ಎಂಬ ಎಂಜಿನಿಯರಿಗೆ ಹೊಳೆದ ಉಪಾಯ ಅದು. ಹಾಗಾಗಿ ಅದು ಶುದ್ಧ ರಕ್ತದ್ದೇ ಲೆಕ್ಕ. ಸ್ನಾಯುವಿನ ಮೀಟರು ಎಲ್ಲ ಸಣ್ಣ ನಾಳಗಳ ರಕ್ತವನ್ನೂ ಸೇರಿಸಿ ನೋಡುತ್ತದೆ, ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಹೋಗುವ ರಕ್ತವೇ. ಅಂದರೆ ಸ್ನಾಯು ತನಗೆ ಬೇಕಾದ್ದು ತೆಗೆದುಕೊಂಡ ಮೇಲೆ ಎಷ್ಟು ಉಳಿಯಿತು ಅನ್ನುವುದನ್ನು ಅದು ತೋರಿಸುತ್ತದೆ.

ನನಗೆ ಹಿಮೋಗ್ಲೋಬಿನ್ 7 ಇದೆ ಅಂದರು. ನಾಲ್ಕು ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆ. ಆದರೆ ಆಕ್ಸಿಮೀಟರಿನಲ್ಲಿ 99 ಇದೆ. ಹಾಗಾದರೆ ನನಗೆ ಆಕ್ಸಿಜನ್ ಸಾಕಷ್ಟಿದೆ ಅಲ್ವಾ?
– ಗೃಹಿಣಿ, ಚಿತ್ತಾಪುರ

ಇಲ್ಲ ಅಕ್ಕಾ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಎಂಎಲ್ ಆಕ್ಸಿಜನ್ ಹೊರುತ್ತದೆ. ಹಿಮೋಗ್ಲೋಬಿನ್ 14, ಅಂದರೆ 100 ಎಂಎಲ್ ರಕ್ತಕ್ಕೆ 14 ಗ್ರಾಂ ಇದ್ದವರ ಅಷ್ಟು ರಕ್ತದಲ್ಲಿ 18 ಎಂಎಲ್ ಚಿಲ್ಲರೆ ಆಕ್ಸಿಜನ್ ಇರುತ್ತದೆ. ನಿಮ್ಮದರಲ್ಲಿ 9 ಚಿಲ್ಲರೆ, ಅಂದರೆ ಸರೀ ಅರ್ಧ. ಮೀಟರಿನ 99 ಇದನ್ನು ಹೇಳುವುದೇ ಇಲ್ಲ. ಇರುವ ಹಿಮೋಗ್ಲೋಬಿನ್ ಭರ್ತಿ ಇದೆ ಅಂತಷ್ಟೇ ಹೇಳುತ್ತದೆ. ಕೊರತೆ ತುಂಬಲು ನಿಮ್ಮ ಹೃದಯ ಜೋರಾಗಿ ದುಡಿಯುತ್ತಿದೆ, ಅದೇ ತೇಕು. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ಸುಸ್ತು ಅಂತ ತಳ್ಳಿಹಾಕುವುದು ನನಗೆ ಬಹಳ ಬೇಸರ ತರುತ್ತದೆ. ಆಕ್ಸಿಮೀಟರ್ ಪಕ್ಕಕ್ಕಿಡಿ. ರಕ್ತ ಯಾಕೆ ಕಡಿಮೆಯಾಯಿತು ಅಂತ ಈ ವಾರವೇ ಡಾಕ್ಟರ ಹತ್ತಿರ ತೋರಿಸಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ನಾಚಿಕೆ ಇಲ್ಲದೆ ಹೇಳಿ.

ನನ್ನ ಮಗನಿಗೆ ಹೃದಯದಲ್ಲಿ ತೂತು ಇತ್ತು ಅಂತ ಆಪರೇಷನ್ ಆಯಿತು. ಹೊರಗೆ ಕರೆತಂದಾಗ ಹಣೆಯ ಮೇಲೆ ಎರಡು ಕಡೆ ಪಟ್ಟಿ ಹಚ್ಚಿದ ಗುರುತು ಇತ್ತು. ಆಪರೇಷನ್ ಎದೆಯದು, ಹಣೆಗೆ ಏನು ಮಾಡಿದರು ಅಂತ ಹೆದರಿಕೆ ಆಯಿತು.
– ತಾಯಿ, ಆಳಂದ

ಅವ್ವಾ, ಹೆದರಬೇಡಿ. ಹಣೆಗೆ ಸೂಜಿ ಚುಚ್ಚಿಲ್ಲ, ಕೊಯ್ದಿಲ್ಲ. ಅಂಟಿಸಿದ್ದು ನಾನು ಹೇಳುತ್ತಿರುವ ಬೆಳಕಿನ ಪಟ್ಟಿಯನ್ನೇ. ಅಂಟಿನ ಗುರುತು ಮಾಯುತ್ತದೆ.

ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತವನ್ನು ನಮ್ಮ ಪಂಪು ತಳ್ಳುತ್ತದೆ. ಹೆಚ್ಚಾಗಿ ಅದು ಒಂದೇ ಸಮ ತಳ್ಳುತ್ತದೆ, ನಾಡಿ ಬಡಿತವೇ ಇರುವುದಿಲ್ಲ. ಬಡಿತ ಇಲ್ಲ ಅಂದರೆ ಬೆರಳಿನ ಆಕ್ಸಿಮೀಟರ್ ಕೆಲಸ ಮಾಡುವುದಿಲ್ಲ. ಆಗ ಮಗುವಿನ ಮೆದುಳಿಗೆ ಆಕ್ಸಿಜನ್ ಹೋಗುತ್ತಿದೆಯಾ? ಅದನ್ನು ಹಣೆಯ ಪಟ್ಟಿ ಹೇಳುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಸಾಮಾನ್ಯವಾಗಿ 60ರಿಂದ 80ರೊಳಗೆ ಇರುತ್ತದೆ. ಮಕ್ಕಳಿಗೆ ಕೆಲವೊಮ್ಮೆ ಸೊಂಟದ ಹಿಂಭಾಗಕ್ಕೂ ಒಂದು ಹಚ್ಚುತ್ತೇವೆ, ಕಿಡ್ನಿ ಕಡೆಯದನ್ನು ನೋಡಲು.

ಇದರಿಂದ ಏನು ಉಪಯೋಗ ಅಂತ ಕೇಳಿದರೆ ಒಂದು ಘಟನೆ ಹೇಳುತ್ತೇನೆ. ಒಂದು ಆಪರೇಷನ್ನಿನಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಪಂಪು ಸರಿ, ಬಿಪಿ ಸರಿ, ನನ್ನ ಎರಡೂ ಪೈಪಿನ ಬಣ್ಣ ಸರಿ. ಆದರೆ ಎಡಗಡೆಯ ಅಂಕಿ 68ರಿಂದ ಮೆಲ್ಲಗೆ ಇಳಿಯುತ್ತಾ 53ಕ್ಕೆ ಬಂತು. ಬಲಗಡೆಯದು ಹಾಗೇ ಇತ್ತು. ಮೊದಲಿದ್ದದ್ದಕ್ಕಿಂತ ಐದನೇ ಒಂದು ಭಾಗ ಇಳಿದರೆ ನಾವು ಸುಮ್ನೆ ಕೂರುವಂತಿಲ್ಲ. "ಸರ್, ಎಡಗಡೆ ಬೀಳ್ತಾ ಇದೆ" ಅಂದೆ. ಅರಿವಳಿಕೆ ಡಾಕ್ಟರು ಹಸಿರು ಬಟ್ಟೆ ಎತ್ತಿ ನೋಡಿದರು. ರೋಗಿಯ ತಲೆ ಒಂದು ಕಡೆ ವಾಲಿತ್ತು. ಕತ್ತು ತಿರುಗಿ, ಮೆದುಳಿನಿಂದ ರಕ್ತ ಇಳಿದು ಬರುವ ದಾರಿ ಅಮುಕಿತ್ತು. ತಲೆ ನೆಟ್ಟಗೆ ಮಾಡಿದರು. ಅಂಕಿ ಮತ್ತೆ 60 ದಾಟಿತು, ಮೊದಲಿನ ಜಾಗಕ್ಕೆ ಬಂತು. ಬೇರೆ ಯಾವ ಮೀಟರಿನಲ್ಲೂ ಆ ತೊಂದರೆ ಕಾಣುತ್ತಲೇ ಇರಲಿಲ್ಲ. ನಿಮ್ಮ ಮಗನ ಹಣೆಯ ಮೇಲೆ ಆ ಗುರುತು ಇತ್ತು ಅಂದರೆ, ಅಷ್ಟೂ ಹೊತ್ತು ಒಬ್ಬರ ಕಣ್ಣು ಅವನ ಮೆದುಳಿನ ಅಂಕಿಯ ಮೇಲಿತ್ತು ಅಂತ ತಿಳಿಯಿರಿ.

ಹಣೆಗೆ ಪಟ್ಟಿ ಅಂಟಿಸಿ ಮೆದುಳು ನೋಡುವುದಾದರೆ, ಎದೆಗೆ ಅಂಟಿಸಿ ಹೃದಯ ಯಾಕೆ ನೋಡಬಾರದು? ಕಾಲೇಜಿನ ಪ್ರಾಜೆಕ್ಟಿಗೆ ಎಲ್‌ಇಡಿ, ಸೆನ್ಸರ್ ತಂದಿಟ್ಟುಕೊಂಡಿದ್ದೇವೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ನಾನೂ ಬೀದರ್ ಜಿಲ್ಲೆಯಲ್ಲೇ ಓದಿ ಬೆಳೆದವಳು. ನಮ್ಮೂರ ಹುಡುಗ ಈ ಪ್ರಶ್ನೆ ಕೇಳಿದ್ದು ಖುಷಿಯಾಯಿತು. ಈ ವಿದ್ಯೆ ಶುರುವಾದಾಗ ಮೆದುಳು, ಹೃದಯ ಎರಡೂ ಜೊತೆಗೇ ಇದ್ದವು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯಾಬ್ಸಿಸ್ ಎಂಬ ವಿಜ್ಞಾನಿ ಒಂದು ಮೂಳೆಯನ್ನು ದೀಪಕ್ಕೆ ಹಿಡಿದು ನೋಡಿದಾಗ ಕೆಂಪು ಬೆಳಕು ಅದನ್ನು ದಾಟಿ ಬರುವುದು ಕಂಡಿತಂತೆ. ಕೆಂಪೇ ದಾಟಿದರೆ ಅದರಾಚೆಯ ಬೆಳಕು ಇನ್ನೂ ಚೆನ್ನಾಗಿ ದಾಟಬೇಕಲ್ಲ ಅಂತ ಅವರು ಯೋಚಿಸಿದರು. 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯಲ್ಲೇ ಮೆದುಳೂ ಇದೆ, ಹೃದಯವೂ ಇದೆ. ಆಮೇಲೆ ಮೆದುಳಿನದು ಆಪರೇಷನ್ ಥಿಯೇಟರಿಗೆ ಬಂತು. ಹೃದಯದ್ದು ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಉಳಿಯಿತು. ಯಾಕೆ ಅಂತ ನೋಡೋಣ.

ಹಣೆಯಲ್ಲಿ ಏನಿದೆ? ತೆಳು ಚರ್ಮ, ಅದರ ಕೆಳಗೆ ಮೂಳೆ, ಅದರ ಕೆಳಗೆ ಮೆದುಳು. ಯಾವುದೂ ಅಲುಗಾಡುವುದಿಲ್ಲ. ಬೆಳಕು ಬಿಡುವ ಜಾಗಕ್ಕೂ ಹಿಡಿಯುವ ಜಾಗಕ್ಕೂ 3–4 ಸೆಂಟಿಮೀಟರ್ ಅಂತರ ಇಟ್ಟರೆ, ಆ ಅಂತರದ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಆಳದ ಸುದ್ದಿ ಸಿಗುತ್ತದೆ. ಹಣೆಗೆ ಅಷ್ಟು ಸಾಕು. ಎದೆಯಲ್ಲಿ ಚರ್ಮ, ಕೊಬ್ಬು, ದಪ್ಪ ಸ್ನಾಯು, ಪಕ್ಕೆಲುಬು ಎಲ್ಲ ದಾಟಬೇಕು. ಎಷ್ಟೋ ಕಡೆ ನಡುವೆ ಗಾಳಿ ತುಂಬಿದ ಶ್ವಾಸಕೋಶ ಬೇರೆ, ಅದು ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ನೀವು ಎದೆಗೆ ಅಂಟಿಸಿದರೆ ಒಂದು ಅಂಕಿ ಖಂಡಿತ ಬರುತ್ತದೆ. ಆದರೆ ಅದು ಎದೆಯ ಮೇಲಿನ ಸ್ನಾಯುವಿನ ಅಂಕಿ. ಅದನ್ನು ಹೃದಯದ್ದು ಅಂತ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಬೇಡಿ.

ಎದೆ ತೆರೆದಾಗ ಸಣ್ಣ ಆಪ್ಟಿಕಲ್ ಫೈಬರನ್ನು ಹೃದಯಕ್ಕೇ ಮುಟ್ಟಿಸಬಹುದು. ಪ್ರಾಣಿಗಳಲ್ಲಿ, ಆಪರೇಷನ್ನಿನ ಕೆಲವು ರೋಗಿಗಳಲ್ಲಿ ಸಂಶೋಧಕರು ಇದನ್ನು ಮಾಡಿ ನೋಡಿದ್ದಾರೆ. ಅಲ್ಲೂ ತೊಡಕು ಕಡಿಮೆಯಿಲ್ಲ. ಹೃದಯ ಬಡಿಯುತ್ತದೆ, ಫೈಬರ್ ಜಾರುತ್ತದೆ. ಜಾರಬಾರದು ಅಂತ ಒತ್ತಿ ಹಿಡಿದರೆ ಆ ಜಾಗದ ರಕ್ತವೇ ಪಕ್ಕಕ್ಕೆ ಸರಿದು ಅಂಕಿ ತಪ್ಪುತ್ತದೆ. ಮೇಲೆ ಒಂದು ಹನಿ ರಕ್ತ ಕೂತರೆ ಬೆಳಕು ಅಲ್ಲೇ ಮುಗಿಯಿತು. ಥಿಯೇಟರಿನ ದೊಡ್ಡ ದೀಪವೂ ಸೆನ್ಸರಿಗೆ ಹೊಡೆಯುತ್ತದೆ. ಇವೆಲ್ಲ ಸರಿಪಡಿಸಿದರೂ ಕಾಣುವುದು ಹೃದಯದ ಹೊರಪದರವೇ ಜಾಸ್ತಿ. ರಕ್ತ ಕಡಿಮೆಯಾದಾಗ ಮೊದಲು ಕಷ್ಟಕ್ಕೆ ಬೀಳುವುದು ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆ ರಕ್ತ ತಳ್ಳುವ ಕೋಣೆಯ, ಒಳಪದರ. ಆ ಕೋಣೆಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ.

ಇದಕ್ಕಿಂತ ಆಳದ ತೊಡಕು ಮಯೋಗ್ಲೋಬಿನ್ನಿನದು. ಹೃದಯದ ಸ್ನಾಯುಕೋಶದೊಳಗೆ ಇರುವ ಈ ಪ್ರೊಟೀನೂ ಆಕ್ಸಿಜನ್ ಹಿಡಿಯುತ್ತದೆ. ಬೆಳಕನ್ನು ಹೀರುವ ರೀತಿಯಲ್ಲಿ ಹಿಮೋಗ್ಲೋಬಿನ್ನಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೀಟರಿಗೆ ಎರಡೂ ಬೆರೆತೇ ಕಾಣುತ್ತವೆ. ಆದರೆ ನಡವಳಿಕೆ ಬೇರೆ. ಹಿಮೋಗ್ಲೋಬಿನ್ ಆಕ್ಸಿಜನ್ ಒತ್ತಡ ಪಾದರಸದ 27 ಮಿಲಿಮೀಟರಿಗೆ ಬರುವಷ್ಟರಲ್ಲಿ ಅರ್ಧ ಬಿಟ್ಟುಕೊಟ್ಟಿರುತ್ತದೆ. ಮಯೋಗ್ಲೋಬಿನ್ ಅರ್ಧ ಬಿಡಬೇಕಾದರೆ ಒತ್ತಡ 2–3ಕ್ಕೆ ಇಳಿಯಬೇಕು. ಮಯೋಗ್ಲೋಬಿನ್ ಖಾಲಿಯಾಗುತ್ತಿದೆ ಅಂದರೆ ಕೋಶದೊಳಗೇ ಆಕ್ಸಿಜನ್ ತಳ ಕಂಡಿದೆ ಅಂತ ಅರ್ಥ. ಹಾಗಾಗಿ ಅದನ್ನು ತೊಡಕು ಅಂತ ಮಾತ್ರ ನೋಡಬಾರದು ಅಂತ ನನ್ನ ಅಭಿಪ್ರಾಯ. ಎರಡನ್ನೂ ಬೇರೆ ಮಾಡಿ ನೋಡುವ ವಿಧಾನ ಥಿಯೇಟರಿನ ಮಟ್ಟಕ್ಕೆ ಬಂದರೆ, ನಮಗೆ ಬೇಕಾದ ಅಂಕಿ ಅದೇ. ಯಾಬ್ಸಿಸ್ ಹುಡುಕಿದ್ದು ಇನ್ನೂ ಒಂದು ಹೆಜ್ಜೆ ಒಳಗೆ. ಆಕ್ಸಿಜನ್ ಕೊನೆಗೆ ಖರ್ಚಾಗುವ ಸೈಟೊಕ್ರೋಮ್ ಆಕ್ಸಿಡೇಸ್ ಅನ್ನುವ ಕಿಣ್ವದ ತಾಮ್ರ 830 ನ್ಯಾನೊಮೀಟರಿನ ಹತ್ತಿರ ಬೆಳಕು ಹೀರುತ್ತದೆ. ಅದರ ಗುರುತು ಬಹಳ ಸಣ್ಣದು, ಹಿಡಿಯುವುದು ಕಷ್ಟ.

ನಿಮ್ಮ ಪ್ರಾಜೆಕ್ಟಿಗೆ ನನ್ನ ಸಲಹೆ: ಹೃದಯ ಬಿಡಿ, ಮುಂಗೈಯ ಸ್ನಾಯು ತೆಗೆದುಕೊಳ್ಳಿ. 760, 850ರ ಎರಡು ಎಲ್‌ಇಡಿ, 3 ಸೆಂಟಿಮೀಟರ್ ದೂರದಲ್ಲಿ ಒಂದು ಫೋಟೊಡಯೋಡ್, ಮೇಲೆ ಕಪ್ಪು ಬಟ್ಟೆ. ಮುಷ್ಟಿ ಬಿಗಿಹಿಡಿದು ಬಿಟ್ಟಾಗ ಎರಡು ಗೆರೆಗಳೂ ಹೇಗೆ ಏರಿಳಿಯುತ್ತವೆ ನೋಡಿ. ಬಂದ ಗ್ರಾಫ್ ನನಗೂ ಕಳಿಸಿ.

ನನ್ನ ವಾಚಿನಲ್ಲಿ ಆಕ್ಸಿಜನ್, ಇಸಿಜಿ ಎರಡೂ ಬರುತ್ತವೆ. ಬ್ಲಾಕ್ ಇದ್ದರೆ ತೋರಿಸುತ್ತದಾ?
– ಸಿಮೆಂಟ್ ಕಾರ್ಖಾನೆ ನೌಕರ, ಸೇಡಂ

ಇಲ್ಲ. ಹಸಿರು ಬೆಳಕು ನಾಡಿಗೆ, ಕೆಂಪು ಮತ್ತು ಇನ್‌ಫ್ರಾರೆಡ್ ಆಕ್ಸಿಜನ್ನಿಗೆ, ಎಲ್ಲ ಮಣಿಕಟ್ಟಿನ ಲೆಕ್ಕ. ವಾಚಿನ ಇಸಿಜಿ ಬಡಿತದ ಏರುಪೇರು ಹಿಡಿಯಬಲ್ಲದು. ಹಾರ್ಟ್ ಅಟ್ಯಾಕ್ ಇಲ್ಲ ಅಂತ ಅದು ಹೇಳಲಾರದು.

ಮದುವೆಗೆ ಕೈ ತುಂಬ ಮೆಹಂದಿ ಹಾಕಿಸಿಕೊಂಡಿದ್ದ ನಾದಿನಿಗೆ ಆಸ್ಪತ್ರೆಯಲ್ಲಿ ಆಕ್ಸಿಮೀಟರ್ ಅಂಕಿಯೇ ಬರಲಿಲ್ಲ.
– ಬಸವಕಲ್ಯಾಣ

ಕೆಂಪು ಮೆಹಂದಿಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಡುಕಪ್ಪು ಹಚ್ಚಿದ್ದರೆ ಬೆಳಕು ದಾಟದೇ ಇರಬಹುದು. ಕಿವಿಯ ಹಾಲೆಗೆ ಹಾಕಿ ನೋಡಬಹುದು. ಉಗುರು ಬಣ್ಣ ಇದ್ದರೆ ಒರೆಸಿ, ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ. ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಇದು ಮುಖ್ಯ. ಮೈಬಣ್ಣ ಕಪ್ಪಾದಷ್ಟೂ ಬೆರಳಿನ ಆಕ್ಸಿಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ ಅಂತ 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಅಧ್ಯಯನದಿಂದ ಗೊತ್ತಾಯಿತು. ಅಂಕಿ ಚೆನ್ನಾಗಿದ್ದರೂ ಉಸಿರು ಕಷ್ಟವಾಗಿದ್ದರೆ ಉಸಿರನ್ನೇ ನಂಬಿ.

ಆಂಜಿಯೋಗ್ರಾಂ ಮಾಡುವಾಗ ನಾಳದೊಳಗೆ ಬೆಳಕು ಬಿಟ್ಟು ನೋಡಿದೆವು ಅಂದರು. ನೀವು ಹೇಳಿದ್ದು ಅದೇನಾ?
– ನಿವೃತ್ತ ಬಸ್ ಕಂಡಕ್ಟರ್, ಹುಮನಾಬಾದ್

ಬೆಳಕಿನ ಜಾತಿ ಅದೇ ಕಾಕಾ, ನೋಡುವ ವಸ್ತು ಬೇರೆ. ನಿಮಗೆ ಮಾಡಿದ್ದು ಬಹುಶಃ ಒಸಿಟಿ. 1300 ನ್ಯಾನೊಮೀಟರಿನ ಹತ್ತಿರದ ಬೆಳಕಿನಿಂದ ನಾಳದ ಗೋಡೆ, ಸ್ಟೆಂಟ್ ಸರಿಯಾಗಿ ಅಂಟಿದೆಯಾ ಅನ್ನುವುದನ್ನು ಬಹಳ ಸೂಕ್ಷ್ಮವಾಗಿ ನೋಡುತ್ತಾರೆ. ನಾಳದ ಗೋಡೆಯಲ್ಲಿ ಕೊಬ್ಬು ಎಲ್ಲಿ ಕೂತಿದೆ ಅಂತ ಹುಡುಕುವ ನಿಯರ್ ಇನ್‌ಫ್ರಾರೆಡ್ ಕ್ಯಾತಿಟರ್ (ನಾಳದೊಳಗೆ ತೂರಿಸುವ ಸಣ್ಣ ನಳಿಕೆ) ಬೇರೆ ಇದೆ, ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಎರಡೂ ಸ್ನಾಯುವಿನ ಆಕ್ಸಿಜನ್ ಅಳೆಯುವುದಿಲ್ಲ.

ನನ್ನ ಮನೆಯವರಿಗೆ ಮುಂದಿನ ತಿಂಗಳು ಬೈಪಾಸ್ ಇದೆ. ಹೃದಯವನ್ನು ನಿಲ್ಲಿಸುತ್ತಾರೆ ಎಂದು ಕೇಳಿ ನಿದ್ದೆ ಬರುತ್ತಿಲ್ಲ. ನಿಂತ ಹೃದಯಕ್ಕೆ ಆಕ್ಸಿಜನ್ ಸಾಕಾಯಿತೋ ಇಲ್ಲವೋ ಎಂದು ನಿಮಗೆ ಹೇಗೆ ತಿಳಿಯುತ್ತದೆ?
– ನಿವೃತ್ತ ಮುಖ್ಯೋಪಾಧ್ಯಾಯರು, ಸುರಪುರ

ಸರ್, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಾನು ದಿನಾ ಕೇಳಿಕೊಳ್ಳುವ ಪ್ರಶ್ನೆಯೂ ಇದೇ, ಹಾಗಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಎಲ್ಲ ಬೈಪಾಸಿನಲ್ಲೂ ಹೃದಯ ನಿಲ್ಲಿಸುವುದಿಲ್ಲ, ಬಡಿಯುತ್ತಿರುವಾಗಲೇ ಮಾಡುವುದೂ ಇದೆ. ನಿಮ್ಮ ಸರ್ಜನ್ನರನ್ನು ಕೇಳಿ. ನಿಲ್ಲಿಸುವುದಾದರೆ ಮಹಾಧಮನಿಗೆ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಜಾಸ್ತಿ ಇರುವ ತಣ್ಣನೆಯ ದ್ರವವನ್ನು ಕೊರೋನರಿ ನಾಳಗಳಿಗೆ ಬಿಡುತ್ತೇವೆ. ಕಾರ್ಡಿಯೋಪ್ಲೀಜಿಯಾ ಅಂತ ಹೆಸರು. ಸ್ವಲ್ಪ ಹೊತ್ತಿನಲ್ಲೇ ಹೃದಯ ಮೆತ್ತಗಾಗಿ ನಿಲ್ಲುತ್ತದೆ, ಇಸಿಜಿ ಗೆರೆ ನೆಟ್ಟಗಾಗುತ್ತದೆ. ಇದು ಹೃದಯಕ್ಕೆ ಕೊಡುವ ವಿಶ್ರಾಂತಿ. ಬಡಿಯುವ ಹೃದಯದ 100 ಗ್ರಾಂ ಸ್ನಾಯು ನಿಮಿಷಕ್ಕೆ 8ರಿಂದ 10 ಎಂಎಲ್ ಆಕ್ಸಿಜನ್ ಬಳಸುತ್ತದೆ. ನಿಂತ ಮೇಲೆ ಅದು ಒಂದು ಎಂಎಲ್ ಹತ್ತಿರಕ್ಕೆ ಬರುತ್ತದೆ. ತಣ್ಣಗಾದರೆ ಇನ್ನೂ ಕಡಿಮೆ. ಅದಕ್ಕೇ ರಕ್ತ ಇಲ್ಲದೆಯೂ ಅದು ಅಷ್ಟು ಹೊತ್ತು ತಾಳುತ್ತದೆ.

ಸಾಕಾಯಿತೋ ಇಲ್ಲವೋ ಅನ್ನುವುದಕ್ಕೆ ನಮ್ಮ ಹತ್ತಿರ ಇರುವ ಗುರುತುಗಳು ಇವು: ಗಡಿಯಾರ, ತಾಪಮಾನ, ಇಸಿಜಿ. ಸಾಮಾನ್ಯ ದ್ರವವಾದರೆ ಸುಮಾರು 20 ನಿಮಿಷಕ್ಕೊಮ್ಮೆ ಮತ್ತೆ ಬಿಡುತ್ತೇವೆ. ಡೆಲ್ ನಿಡೊ ಅನ್ನುವ ದ್ರವವಾದರೆ ಒಂದು ಸಲಕ್ಕೆ ಒಂದು ಗಂಟೆಯ ಮೇಲೂ ನಡೆಯುತ್ತದೆ. ಇಸಿಜಿಯಲ್ಲಿ ಸಣ್ಣ ಅಲುಗಾಟ ಕಂಡರೂ ಅವಧಿಗೆ ಮೊದಲೇ ಕೊಡುತ್ತೇವೆ. ಇವು ಬಹಳ ಕಾಲದಿಂದ ಪಳಗಿದ ನಿಯಮಗಳು. ದಿನಾ ಎಷ್ಟೋ ಹೃದಯಗಳು ಇವುಗಳ ಮೇಲೇ ನಿಂತು ಮತ್ತೆ ಬಡಿಯುತ್ತವೆ.

ಆದರೆ ಒಂದು ಜಾಗ ನಮಗೆ ಕಾಣುವುದಿಲ್ಲ. ನಾಳ ಬಿಗಿಯಾಗಿ ಮುಚ್ಚಿರುವ ಕಡೆ, ಬ್ಲಾಕಿನ ಆಚೆಯ ಸ್ನಾಯುವಿಗೆ ನಾವು ಬಿಟ್ಟ ದ್ರವ ತಲುಪಿತಾ? ಗಡಿಯಾರ ಇದಕ್ಕೆ ಉತ್ತರ ಕೊಡುವುದಿಲ್ಲ. ಹೃದಯದ ಮೇಲೆ ಇಡುವ ಬೆಳಕಿನ ಫೈಬರ್ ನನಗೆ ಬೇಕಾಗಿರುವುದು ಆ ಒಂದು ಜಾಗಕ್ಕೆ. ಅದು ಪಳಗಿ ನಮ್ಮ ಕೈಗೆ ಬಂದರೆ, ದ್ರವ ಬಿಟ್ಟಾಗ ಆ ಭಾಗದ ಅಂಕಿ ಏರಿತಾ, ಕ್ಲಾಂಪ್ ತೆಗೆದ ಮೇಲೆ ಎಷ್ಟು ಬೇಗ ಚೇತರಿಸಿತು, ಹೊಸದಾಗಿ ಹೊಲಿದ ನಾಳದಿಂದ ರಕ್ತ ನಿಜವಾಗಿ ಸ್ನಾಯುವಿಗೆ ಇಳಿಯಿತಾ ಅನ್ನುವುದನ್ನು ಆಗಲೇ, ಎದೆ ಮುಚ್ಚುವ ಮೊದಲೇ ನೋಡಬಹುದು. ಈ ವಿದ್ಯೆ ದೊಡ್ಡ ಊರಿನ ಪ್ರಯೋಗಶಾಲೆಯಲ್ಲಿ ನಿಲ್ಲದೆ ನಮ್ಮಂಥ ಕಡೆಯ ಥಿಯೇಟರಿಗೂ ಬರಲಿ ಅನ್ನುವುದು ನನ್ನ ದೊಡ್ಡ ಆಸೆ.

ಸದ್ಯಕ್ಕೆ ಆ ಜಾಗಕ್ಕೆ ನಾವು ಬೇರೆ ದಾರಿಯಿಂದ ಹೋಗುತ್ತೇವೆ. ಹೃದಯದಿಂದ ರಕ್ತ ವಾಪಸ್ ಬರುವ ಕೊರೋನರಿ ಸೈನಸ್ ಮೂಲಕ ದ್ರವವನ್ನು ಹಿಮ್ಮುಖವಾಗಿ ಬಿಡುತ್ತೇವೆ. ಬ್ಲಾಕು ಅಡ್ಡ ಬರುವುದಿಲ್ಲ. ಹೊಸ ನಾಳ ಹೊಲಿದಾದ ಮೇಲೆ ಅದರ ಮೂಲಕವೂ ನೇರವಾಗಿ ಬಿಡಬಹುದು. ಯಾವ ದಾರಿ, ಎಷ್ಟು ಅಂತ ಸರ್ಜನ್ ಮೊದಲೇ ಯೋಚಿಸಿಟ್ಟುಕೊಳ್ಳುವುದು ಬ್ಲಾಕು ಎಲ್ಲೆಲ್ಲಿದೆ ಅಂತ ನೋಡಿ. ಅದಕ್ಕಾಗಿ ಅಡ್ಮಿಟ್ ಆಗುವ ದಿನ ಮನೆಯವರ ಆಂಜಿಯೋಗ್ರಾಂ ಸಿಡಿ, ಎಕೋ ರಿಪೋರ್ಟ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಮೂರನ್ನೂ ಜೊತೆಗೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಯಾವತ್ತು ನಿಲ್ಲಿಸಬೇಕು ಅಂತ ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ.